ಕಾರಿನ ಬಾಗಿಲಿಗೂ ವಿಭೂತಿ

ಸೋರಲಿಲ್ಲ! ಒಂದು ಹನಿಯೂ ಒಳಗೆ ಬರಲಿಲ್ಲ! ಯಾವ ಕಾರು, ಯಾರ ಕಾರು, ಅದು ಸೋರದಿದ್ದರೆ ಈ ಮುದುಕನಿಗೇನು ಇಷ್ಟು ಹಿಗ್ಗು ಎಂಬುದನ್ನೆಲ್ಲ ಆಮೇಲೆ ಹೇಳುತ್ತೇನೆ, ಮೊದಲು ಸುದ್ದಿ ಕೇಳಿ. ನನ್ನ ಮೊಮ್ಮಗಳು ಚೈತ್ರ ಹಳೆಯ ಸ್ಪೋರ್ಟ್ಸ್ ಕಾರೊಂದರ ಬಾಗಿಲುಗಳಿಗೆ ಹೊಸ ರಬ್ಬರು ಕೂರಿಸಿದ್ದಾಳೆ. ನಿನ್ನೆ ಮಧ್ಯಾಹ್ನ ನಾನೇ ಅದರೊಳಗೆ ಕೂತಿದ್ದೆ, ಹೊರಗಿನಿಂದ ಜಡಿಮಳೆಯ ಹಾಗೆ ನೀರು ಹೊಡೆದರು, ಸೋರಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಇದನ್ನು ಹೇಳಿದ್ದೇನೆ. ಹಗ್ಗ ಕೇಳಲು ಬಂದವರೊಬ್ಬರು ಕಥೆಯೆಲ್ಲ ಕೇಳಿ ತಲೆದೂಗಿ, ಹಗ್ಗವನ್ನು ಮರೆತೇ ಹೋದರು. ನನಗೂ ನೆನಪಾಗಲಿಲ್ಲ.

ನಮ್ಮ ದೇವರ ಗೂಡಿನಲ್ಲಿರುವ ವಿಭೂತಿ ಗಟ್ಟಿಯ ಮೈಮೇಲೆ ಈಗ ಉದ್ದಕ್ಕೆ ಒಂದು ಗೀರು ಬಿದ್ದಿದೆ. ಹೊಸಬರು ನೋಡಿದರೆ ಇಲಿ ಕೆರೆದಿದೆ ಎಂದುಕೊಂಡಾರು. ಅದು ಕಾರಿನ ಗುರುತು. ದೇವರ ಗೂಡಿಗೂ ಕಾರಿನ ಬಾಗಿಲಿಗೂ ಎಂಥ ನೆಂಟಸ್ತಿಕೆ ಎಂದು ನೀವು ಕೇಳಬಹುದು. ನಾನೂ ಬೆಳಗ್ಗಿನಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನ ತಲೆ, ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ. ನೀವೇ ಸ್ವಲ್ಪ ಹಿಡಿದುಕೊಳ್ಳಿ.

ಗೋಣಿಬೀಡಿನಲ್ಲಿ ನಮ್ಮದು ಟಾರ್ಪಾಲು, ಹಗ್ಗ, ಪೈಪು, ಸ್ಪ್ರೇಯರುಗಳ ಅಂಗಡಿ. ಕಣದಲ್ಲಿ ಹರವಿದ ಕಾಫಿ ನೆನೆಯದಂತೆ, ಕೊಟ್ಟಿಗೆಯ ಸೌದೆ ನೆನೆಯದಂತೆ, ಸುತ್ತಲಿನ ಊರುಗಳಿಗೆಲ್ಲ ಹೊದಿಸಿದವನು ನಾನು. ಮಳೆಯನ್ನು ಹೊರಗೆ ನಿಲ್ಲಿಸುವುದೇ ನನ್ನ ವ್ಯಾಪಾರವಾಗಿದ್ದರಿಂದ, ಆ ವಿದ್ಯೆಯಲ್ಲಾದರೂ ನನಗೆ ತಿಳಿಯದ್ದು ಏನೂ ಉಳಿದಿಲ್ಲ ಎಂಬ ಧೈರ್ಯ ನನಗಿತ್ತು. ಅಂಗಡಿಯ ಪಕ್ಕದ ಶೆಡ್ಡಿನಲ್ಲಿ ಚೈತ್ರ ಗ್ಯಾರೇಜು ತೆರೆದಿದ್ದಾಳೆ. ಬೈಕು, ಆಟೋ, ಹಳೇ ಜೀಪು, ಏನು ಬಂದರೂ ಹುಡುಗಿ ಅದರ ಕೆಳಗೆ ನುಗ್ಗುತ್ತಾಳೆ. ಅವಳ ಅಪ್ಪ, ಎಂದರೆ ನನ್ನ ಮಗ ಮಹೇಶ, ಇದನ್ನು ಒಪ್ಪಿದವನೂ ಅಲ್ಲ, ತಡೆದವನೂ ಅಲ್ಲ; ಮುಂಗಾರಿಗೆ ತರಿಸುವ ಟಾರ್ಪಾಲಿನ ಮೂಟೆ ಇಡಲು ಜಾಗವಿಲ್ಲ ಎಂದು ಆಗಾಗ ಗೊಣಗುತ್ತಿದ್ದ, ಅಷ್ಟೆ.

ಹೂಮಳೆ ಮುಗಿದು ಕಾಫಿ ಕಾಯಿ ಕಚ್ಚುವ ಹೊತ್ತಿಗೆ ಮಲ್ಲಂದೂರಿನ ಗೌಡರು ಆ ಕಾರನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದರು. ಅವರ ತಂದೆ ಓಡಿಸುತ್ತಿದ್ದ ಕಾರು, ಪಾರ್ಚ್‌ಮೆಂಟ್ ಕಾಫಿ ಚೀಲಗಳ ಗೋಡೌನಿನಲ್ಲಿ ಬಹುಕಾಲ ಮಲಗಿ ಎದ್ದದ್ದು. ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಎರಡೇ ಬಾಗಿಲು, ಎರಡೇ ಸೀಟು. ನಮ್ಮ ಘಟ್ಟದ ಜೀಪುಗಳಲ್ಲಿ ಡ್ರೈವರನ ತೊಡೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಜನ ಕೂರುತ್ತಾರೆ. ಇಬ್ಬರಿಗಷ್ಟೇ ಜಾಗ ಕೊಡುವ ಈ ಗಾಡಿಯನ್ನು ಆಟದ ಕಾರು ಎಂದು ಯಾಕೆ ಕರೆಯುತ್ತಾರೆ, ಇಬ್ಬರೇ ಸೇರಿ ಆಡುವ ಆಟ ಯಾವುದು ಎಂದು ನಾನು ಕೇಳಿದ್ದಕ್ಕೆ ನನ್ನ ಹೆಂಡತಿ ಗಂಗಮ್ಮ, "ಸಂಸಾರ" ಎಂದು ಹೇಳಿ ಒಳಗೆ ಹೋದಳು.

ಗೌಡರು ಮಾತ್ರ ನಗಲಿಲ್ಲ. "ಎಂಜಿನ್ ಎಲ್ಲ ಸರಿ ಇದೆ ಮಾರಾಯ್ತಿ, ಬಾಗ್ಲಿಂದ ನೀರು ಬರ್ತದೆ. ಈ ಮಳೆಗಾಲ ಒಳಗೆ ಒಂದು ಹನಿ ಬಿದ್ರೂ ನಾನು ಗಾಡೀನ ಮಂಗಳೂರಿಗೆ ಕಳಿಸ್ತೀನಿ, ಬೇಜಾರು ಮಾಡ್ಕೋಬಾರ್ದು" ಎಂದರು ಚೈತ್ರಳಿಗೆ. ಅವರು ಹೋದ ಮೇಲೆ ಮಹೇಶ ಮಗಳ ಕಡೆ ತಿರುಗಿದ. "ಗೌಡ್ರ ಗಾಡಿ ವಾಪಸ್ ಹೋದ್ರೆ ಊರಲ್ಲಿ ಮತ್ತೆ ಯಾರು ನಿನ್ನ ಹತ್ರ ಬರ್ತಾರೆ? ಅದು ಹೋದ ದಿನ ಶೆಡ್ಡಿಗೆ ಟಾರ್ಪಾಲು ತುಂಬ್ತೀನಿ, ನೀನು ಅಂಗಡೀಲಿ ಕೂತ್ಕೋ." ಚೈತ್ರ, "ಆಗ್ಲಿ" ಎಂದಳು. ಆ ಒಂದು ಮಾತಿನ ಮೇಲೆ ಅವಳ ಗ್ಯಾರೇಜಿನ ಅಳಿವು ಉಳಿವು ನಿಂತಿತು.

"ಅಜ್ಜಯ್ಯ, ಮೊದ್ಲು ಬೀಡಿಂಗ್ ತರಿಸ್ಬೇಕು" ಎಂದಳು. ನಾನು ಬೀಡಿ ಬಿಟ್ಟು ಯಾವ ಕಾಲವಾಯಿತು, ಈ ಹುಡುಗಿಗೆ ಯಾವಾಗ ಅಂಟಿತು ಎಂದು ನಾನು ಅವಳ ಬೆರಳುಗಳನ್ನೇ ನೋಡಿದೆ. ಬೀಡಿಂಗ್ ಎಂದರೆ ಬಾಗಿಲ ಚೌಕಟ್ಟಿನ ಸುತ್ತ ಕೂರುವ ರಬ್ಬರು ಪಟ್ಟಿಯಂತೆ. ಬೀಡು ಎಂದರೆ ತಂಗುವ ಜಾಗ, ನಮ್ಮೂರಿನ ಹೆಸರಲ್ಲೇ ಅದು ಇದೆ. ಬೀಡಿಂಗ್ ಎಂದರೂ ರಬ್ಬರು ಹೋಗಿ ತಂಗುವುದೇ ಇರಬೇಕು ಎಂದು ನಾನೇ ಅರ್ಥ ಮಾಡಿಕೊಂಡೆ. ತಪ್ಪಿದ್ದರೆ ಓದಿದವರು ತಿದ್ದಿಕೊಳ್ಳಿ.

ಹಳೆಯ ರಬ್ಬರು ಕಿತ್ತರೆ ಒಣಗಿದ ಹುಣಸೆಯ ಸಿಪ್ಪೆಯ ಹಾಗೆ ಪುಡಿಪುಡಿಯಾಗಿ ಉದುರಿತು. ಅದರಡಿಯ ಗೋಂದನ್ನು ಕೆರೆದು, ಸೀಮೆಎಣ್ಣೆಯಲ್ಲಿ ಒರೆಸಿ ಚೊಕ್ಕ ಮಾಡಲಿಕ್ಕೇ ಅವಳಿಗೆ ಸಾಕುಸಾಕಾಯಿತು. ಮೊಬೈಲಿನಲ್ಲಿ ಯಾವುದೋ ದೇಶದ ಬಿಳಿಯನೊಬ್ಬ ಇದೇ ಕೆಲಸವನ್ನು ಶಿಳ್ಳೆ ಹಾಕುತ್ತ ಮಾಡಿ ಮುಗಿಸುವುದನ್ನು ನಾವಿಬ್ಬರೂ ನೋಡಿದೆವು. ಅವನ ಉಗುರಲ್ಲಿ ಕೊಳೆಯೇ ಇರಲಿಲ್ಲ, ಅದರ ಗುಟ್ಟು ನನಗೆ ಇವತ್ತಿಗೂ ತಿಳಿದಿಲ್ಲ. ಕೊನೆಗೆ ಕೊರಿಯರಿನಲ್ಲಿ ಹೊಸ ರಬ್ಬರು ಬಂತು, ಕೇರೆಹಾವಿನ ಹಾಗೆ ಸುತ್ತಿಕೊಂಡು, ಕಪ್ಪಗೆ, ಮೆತ್ತಗೆ. ಇದು ಮಳೆ ತಡೆಯುವ ಕೆಲಸ, ಎಂದರೆ ನನ್ನ ಕೆಲಸ ಎಂದು ನಾನೂ ಪಂಚೆ ಎತ್ತಿ ಕಟ್ಟಿ ನಿಂತೆ. ಅವಳು ಒಂದು ತುದಿಯಿಂದ ಕೂರಿಸುತ್ತ ಬಂದಳು, ನಾನು ಇನ್ನೊಂದು ತುದಿ ಹಿಡಿದು ಬಿಗಿಯಾಗಿ ಎಳೆದುಕೊಟ್ಟೆ. ಟಾರ್ಪಾಲು ಕಟ್ಟುವವನಿಗೆ ಗೊತ್ತಿರುವ ಮಂತ್ರ ಅದೊಂದೇ: ಎಳೆ, ಇನ್ನೂ ಎಳೆ, ತಬಲದ ಚರ್ಮದ ಹಾಗಾಗುವ ತನಕ ಎಳೆ, ಸಡಿಲ ಬಿಟ್ಟಲ್ಲಿ ನೀರು ನಿಲ್ಲುತ್ತದೆ.

ಮರುದಿನ ಬೆಳಗ್ಗೆ ಅವಳು ಬಾಗಿಲ ಸುತ್ತ ಬೆರಳಾಡಿಸಿ ನೋಡಿ ಸೀಮೆಸುಣ್ಣ ಕೇಳಿದಳು. ರಬ್ಬರಿಗೆ ಸುಣ್ಣ ತೀಡಿ ಬಾಗಿಲು ಮುಚ್ಚಿ ತೆಗೆದರೆ, ತಾಗಿದ ಕಡೆಯೆಲ್ಲ ಬಾಗಿಲಿಗೆ ಬಿಳಿ ಗುರುತು ಬೀಳುತ್ತದೆ, ತಾಗದ ಕಡೆ ಬೀಳುವುದಿಲ್ಲ, ಅಲ್ಲಿಂದಲೇ ನೀರು ಬರುವುದು. ಶಾಲೆಗೆ ಹೋಗುವವರಿಲ್ಲದ ಮನೆಯಲ್ಲಿ ಸೀಮೆಸುಣ್ಣ ಎಲ್ಲಿಂದ ಬರಬೇಕು? ನಾನು ಹೋಗಿ ದೇವರ ಗೂಡಿನಿಂದ ವಿಭೂತಿ ಗಟ್ಟಿ ಎತ್ತಿಕೊಂಡೆ. "ದೇವ್ರ ವಿಭೂತಿ ಕಾರಿಗಾ? ನಿಮಗೆ ಬುದ್ಧಿ ಇದ್ಯಾ?" ಎಂದು ಗಂಗಮ್ಮ ಬಾಗಿಲಲ್ಲೇ ಅಡ್ಡ ನಿಂತಳು. ಎತ್ತಿಕೊಂಡದ್ದು ತಪ್ಪೋ, ಬೇಡ ಎಂದದ್ದು ತಪ್ಪೋ ನನಗೆ ಹೊಳೆಯಲಿಲ್ಲ. ಚೈತ್ರಳೇ ಶೆಡ್ಡಿನಿಂದ ಬಂದು, "ಆಯುಧಪೂಜೇಲಿ ಗಾಡಿಗೆ ಹಚ್ಚಲ್ವಾ ಅಜ್ಜಿ? ಇದು ಸ್ವಲ್ಪ ಮುಂಚೆ" ಎಂದಳು. ಗಂಗಮ್ಮ ದಾರಿ ಬಿಟ್ಟಳು, "ಕಾಲಲ್ಲಿ ತುಳೀಬ್ಯಾಡಿ" ಎನ್ನುತ್ತ.

ಗೆರೆ ಬಾಗಿಲ ಸುತ್ತ ಚೆನ್ನಾಗಿಯೇ ಮೂಡಿತು, ಮೇಲಿನ ಮೂಲೆಯೊಂದನ್ನು ಬಿಟ್ಟು. ಅಲ್ಲಿ ಕೆಂಪು ಬಣ್ಣ ಹಾಗೇ ನಗುತ್ತಿತ್ತು. ನೋಡಿದರೆ, ರಾತ್ರಿ ಕಳೆಯುವಷ್ಟರಲ್ಲಿ ರಬ್ಬರು ಕುಗ್ಗಿ, ಮೂಲೆ ಬಿಟ್ಟು ಹಿಂದೆ ಸರಿದಿತ್ತು.

"ಎಳೆದ್ರಾ ಅಜ್ಜಯ್ಯ?"

"ಎಳೀಲೇಬೇಕಲ್ಲೇ, ಇಲ್ಲಾಂದ್ರೆ ಬಿಗಿ ಹೇಗೆ ಬರ್ತದೆ?"

"ಎಳೆದದ್ದು ವಾಪಸ್ ಬರ್ತದೆ. ಇದನ್ನ ಎಳೀಬಾರ್ದು, ಕೂರಿಸ್ಬೇಕು. ಒಂಚೂರು ಜಾಸ್ತೀನೇ ಬಿಟ್ಟು, ಒಳಗೆ ನೂಕಿ ನೂಕಿ ಕೂರಿಸ್ಬೇಕು."

ಅವಳು ಬೈಯಲಿಲ್ಲ. ಆದರೆ ಈ ಮಾತು ನನ್ನೊಳಗೆ ಕೂತುಬಿಟ್ಟಿತು. ನೀವೇ ಯೋಚಿಸಿ, ಹಗ್ಗ ಎಳೆದು, ಟಾರ್ಪಾಲು ಎಳೆದು, ಕೊನೆಗೆ ಮಗನನ್ನೂ ಎಳೆದು ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಬಿಗಿದು ಕಟ್ಟಿ ಬಾಳು ಕಳೆದವನಿಗೆ, ಮಳೆ ತಡೆಯುವ ಇನ್ನೊಂದು ದಾರಿಯೂ ಉಂಟು, ಅದು ಸಡಿಲ ಬಿಡುವುದು ಎಂದರೆ ಹೇಗಾಗಬೇಡ? ಹಾಗಾದರೆ ಟಾರ್ಪಾಲು ಸುಳ್ಳೇ? ಅದೂ ಸುಳ್ಳಲ್ಲ, ಎಷ್ಟೊಂದು ಕಣಗಳು ಅದರಡಿ ಒಣಗಿ ಉಳಿದಿವೆ. ಬಿಗಿಯಬೇಕಾದ್ದು ಯಾವುದು, ಬಿಡಬೇಕಾದ್ದು ಯಾವುದು ಎಂದು ಮೊದಲೇ ಗೊತ್ತಾಗುವ ಬಗೆ ಹೇಗೆ? ಮಹೇಶ ಬಿಗಿತಕ್ಕೆ ಒಗ್ಗಿದ, ಅವನ ಮಗಳು ಒಗ್ಗುತ್ತಿಲ್ಲ. ಒಂದೇ ಮನೆ, ಒಂದೇ ಅನ್ನ, ಒಬ್ಬ ಟಾರ್ಪಾಲು, ಒಬ್ಬಳು ರಬ್ಬರು. ನನಗಂತೂ ತಿಳಿಯಲಿಲ್ಲ, ತಿಳಿಯದ ತಲೆಯನ್ನೇ ಹೊತ್ತುಕೊಂಡು ಅವಳಿಗೆ ಟಾರ್ಚು ಹಿಡಿದು ನಿಂತೆ. ಅವಳು ಮತ್ತೆ ಎಲ್ಲ ಕಿತ್ತು ಹೊಸದಾಗಿ ಕೂರಿಸಿದಳು. ಈ ಸಲ ನಾನು ಕೈ ಹಾಕಲಿಲ್ಲ.

ನಿನ್ನೆ ಪರೀಕ್ಷೆಯ ದಿನ. ಅವಳು ರಬ್ಬರಿನ ಸುತ್ತ ಮತ್ತೊಮ್ಮೆ ವಿಭೂತಿ ಎಳೆದು, ನನ್ನನ್ನು ಒಳಗೆ ಕೂರಿಸಿದಳು. ಎಲ್ಲಿ ಸೋರುತ್ತದೆ ಎಂದು ನೋಡಿ ಹೇಳುವುದು ನನ್ನ ಪಾಲಿನ ಕೆಲಸ. ಹೊಸ ರಬ್ಬರು ಕೊಬ್ಬಿದ್ದರಿಂದ ಬಾಗಿಲು ಸುಲಭಕ್ಕೆ ಮುಚ್ಚದೆ, ಅವಳು ಸೊಂಟ ಕೊಟ್ಟು ಒತ್ತಬೇಕಾಯಿತು. ಧುಪ್ ಎಂದು ಮುಚ್ಚಿಕೊಂಡದ್ದೇ ಲೋಕದ ಸದ್ದೆಲ್ಲ ನಿಂತುಹೋಯಿತು. ಅಂಗಡಿಯಲ್ಲಿದ್ದ, ಕರಿಮೆಣಸಿಗೆ ಮೈಲುತುತ್ತದ ಔಷಧಿ ಹೊಡೆಯುವ ಸ್ಪ್ರೇಯರಿನಿಂದ ಅವಳು ನೀರು ಬಿಟ್ಟಳು. ಗಾಜಿನಾಚೆ ಅವಳ ಬಾಯಿ ಆಡುತ್ತಿತ್ತು, ಗಂಗಮ್ಮನ ಬಾಯಿಯೂ ಆಡುತ್ತಿತ್ತು, ಅದು ಕೇಳದೆ ಇದ್ದದ್ದು ನನ್ನ ಸಂಸಾರದಲ್ಲೇ ಮೊದಲು. ಮಹೇಶ ಅಂಗಡಿ ಬಿಟ್ಟು ಬಂದು ಕೈಕಟ್ಟಿ ನಿಂತ. ನನಗೆ ಒಳಗೆ ಭಯವೂ ಆಯಿತು, ಸುಖವೂ ಆಯಿತು. ಇಷ್ಟು ಚೆನ್ನಾಗಿ ಮುಚ್ಚಿದರೆ ಮಳೆಯ ಜೊತೆಗೆ ಮಂದಿಯೂ ಹೊರಗೇ ಉಳಿಯುತ್ತಾರಲ್ಲ ಎಂದುಕೊಳ್ಳುತ್ತಿರುವಾಗಲೇ, ಭುಜ ಒದ್ದೆಯಾದದ್ದು ತಿಳಿಯಿತು.

ಬಾಗಿಲು ತೆಗೆದಾಗ ನನ್ನ ಅಂಗಿ ಪೂರ್ತಿ ತೊಯ್ದಿತ್ತು. ಚೈತ್ರಳ ಮುಖ ಇಳಿದುಹೋಯಿತು.

"ಅಪ್ಪಾಜಿ, ಸೋರ್ತಾ?" ಎಂದ ಮಹೇಶ.

ಇಲ್ಲ ಎನ್ನಲು ಬಾಯಿ ತೆರೆದೆ. ಬಟ್ಟೆ ಒದ್ದೆಯಿದೆ, ಹನಿ ಬಿದ್ದದ್ದನ್ನು ಕಂಡಿಲ್ಲ. ಹೌದು ಎಂದರೆ ಶೆಡ್ಡು ಹೋಯಿತು, ಇಲ್ಲ ಎಂದು ಸುಳ್ಳಾದರೆ ಗೌಡರ ಸೀಟಿನ ಮೇಲೆ ಹನಿ ಬಿದ್ದ ದಿನ ಅವಳ ಹೆಸರೂ ಹೋಯಿತು. "ಗೊತ್ತಾಗ್ತಿಲ್ಲ ಮಾರಾಯ" ಎಂದೆ. ಅದಕ್ಕಿಂತ ನಿಜವಾದ ಮಾತು ನನ್ನ ಹತ್ತಿರ ಇರಲಿಲ್ಲ.

"ಬಿಸ್ಲಲ್ಲಿ ಗಾಜು ಮುಚ್ಕೊಂಡು ಕೂತ್ರೆ ಬೆವರದೆ ಇನ್ನೇನಾಗ್ತದೆ? ಅಂಗಿ ನೆಕ್ಕಿ ನೋಡ್ರೋ, ಉಪ್ಪಿದ್ರೆ ನಿಮ್ಮಪ್ಪಂದು, ಸಪ್ಪೆ ಇದ್ರೆ ಸ್ಪ್ರೇಯರಿಂದು" ಎಂದಳು ಗಂಗಮ್ಮ.

ಯಾರೂ ನೆಕ್ಕಲಿಲ್ಲ. ಚೈತ್ರ ಬಾಗಿ ಬಾಗಿಲ ಚೌಕಟ್ಟು ನೋಡಿದಳು. ರಬ್ಬರಿನ ಹೊರ ಅಂಚು ನೆನೆದು ಹೊಳೆಯುತ್ತಿತ್ತು. ಒಳಮೈಯಲ್ಲಿ ಅವಳು ಎಳೆದ ವಿಭೂತಿಯ ಗೆರೆ ಮಾತ್ರ, ಮೇಲಿನ ಮೂಲೆಯನ್ನೂ ಬಳಸಿಕೊಂಡು, ಎಲ್ಲೂ ಕದಡದೆ, ಹಾಗೇ ಒಣಗಿ ಬೆಳ್ಳಗಿತ್ತು. ಆಚೆ ಬಾಗಿಲಿಗೆ ಓಡಿದಳು, ಅಲ್ಲಿಯೂ ಬೆಳ್ಳಗಿತ್ತು. ಆಮೇಲೆ ನನ್ನ ಹಣೆ ನೋಡಿ ನಗತೊಡಗಿದಳು. ಬೆಳಗ್ಗೆ ಹಚ್ಚಿದ ಮೂರು ಗೆರೆಯೂ ಬೆವರಿನಲ್ಲಿ ಕರಗಿ ಮೂಗಿನ ಮೇಲೆ ಹಾಲಿನ ಹಾಗೆ ಇಳಿದಿತ್ತು. ನನ್ನದು ಅಳಿದಿತ್ತು, ಕಾರಿನದು ಉಳಿದಿತ್ತು. ಮಹೇಶ ಬಗ್ಗಿ, ಒಂದು ಬೆರಳಲ್ಲಿ ಆ ಒಣ ಗೆರೆ ಮುಟ್ಟಿ, ಬೆರಳು ನೋಡಿಕೊಂಡು ಅಂಗಡಿಗೆ ಹೋದ.

ಇಂಥ ಸಂತೋಷಕ್ಕೆ ಏನು ಹೆಸರು ಎಂದು ನನಗೆ ತಿಳಿಯದು. ಕಾರು ನಮ್ಮದಲ್ಲ, ಅದರಲ್ಲಿ ನಾವು ಎಲ್ಲಿಗೂ ಹೋಗುವುದಿಲ್ಲ, ಸೀಟು ಎರಡೇ, ನಾವು ಐವರು. ಆದರೂ ಸಂಜೆಯ ತನಕ ಮೈಯೆಲ್ಲ ಹಬ್ಬವಾಗಿತ್ತು.

ಸಂಜೆ ಗಂಗಮ್ಮ, ಸೊಸೆ ಸೇರಿ ಒತ್ತುಶಾವಿಗೆ ಮಾಡಿದರು, ಶಾವಿಗೆಯ ಒರಳು ಒತ್ತಿದವಳು ಚೈತ್ರಳೇ. ಊಟಕ್ಕೆ ಮೊದಲು ನಾನು ಕೈಕಾಲು ತೊಳೆದು ದೇವರ ಗೂಡಿನ ಮುಂದೆ ಕೂತು ಗಟ್ಟಿ ಕೈಗೆತ್ತಿಕೊಂಡೆ. ಬೆರಳು ನೆನೆಸಿ ಅದರ ಮೇಲೆ ಇಟ್ಟಾಗ, ರಬ್ಬರಿನಂಚಿಗೆ ತೀಡಿ ತೀಡಿ ಬಿದ್ದಿದ್ದ ಗೀರಿನೊಳಗೆ ನಡುಬೆರಳು ತಾನಾಗಿ ಹೋಗಿ ಕೂತಿತು. ನಾನು ಒತ್ತಲೂ ಇಲ್ಲ, ಎಳೆಯಲೂ ಇಲ್ಲ.

ಎಲ್ಲರೂ ಸಾಲಾಗಿ ಕೂತೆವು. ಶಾವಿಗೆಯ ಮೇಲೆ ಸೊಸೆ ಕಾಯಿಹಾಲು ಸುರಿದಳು. ಮಹೇಶ ತಟ್ಟೆಯಿಂದ ತಲೆ ಎತ್ತದೆ, "ಅಂಗಡಿ ಜೀಪಿನ ಎಡಗಡೆ ಬಾಗ್ಲಲ್ಲೂ ನೀರು ಬರ್ತದೆ. ಮಳೆ ಹಿಡಿಯೋದ್ರೊಳಗೆ ಆಗ್ತದಾ?" ಎಂದ.

"ಮುಂದೆ ಎರಡು ಗಾಡಿ ಇವೆ ಅಪ್ಪ, ಸಾಲಲ್ಲಿ ಬನ್ನಿ" ಎಂದಳು ಚೈತ್ರ.

"ಟಾರ್ಪಾಲು ಎಲ್ಲಿ ಇಡ್ತೀಯೋ ಹಂಗಾರೆ?" ಎಂದು ಗಂಗಮ್ಮ ಮಗನನ್ನು ಕೆಣಕಿದಳು.

"ಅಟ್ಟದ ಮೇಲೆ" ಎಂದು ಅವನು ಇನ್ನೊಂದು ಸಲ ಕಾಯಿಹಾಲಿಗೆ ತಟ್ಟೆ ಒಡ್ಡಿದ.