ದೊಡ್ಡಮುನಿಯಮ್ಮ ಒಪ್ಪಿದ ಪುಸ್ತಕಗಳು

ವೆಂಕಟರತ್ನಮ್ಮ ಯಲ್ದೂರಿನ ಬಾಲವಾಡಿಗೆ ಟೀಚರಾಗಿ ಸೇರಿದಾಗ ಅವಳಿಗೆ ಇಪ್ಪತ್ತಮೂರು ವರ್ಷ. 1977ನೇ ಇಸವಿ. ತವರು ಮಾಲೂರು ಕಡೆಯ ಲಕ್ಕೂರು. ಎಸ್ಸೆಸ್ಸೆಲ್ಸಿ ಪಾಸಾಗಿತ್ತು. ಗಂಡ ಸೊಣ್ಣಪ್ಪ ಯಲ್ದೂರಿನ ಸುತ್ತಮುತ್ತ ತೋಟಗಳಲ್ಲಿ ಮಾವಿನ ಗಿಡಗಳಿಗೆ ಕಸಿ ಕಟ್ಟುತ್ತಿದ್ದ. ಬಾಲವಾಡಿಯೆಂದರೆ ಒಂದು ಕೋಣೆ, ಒಂದು ಕರಿಹಲಗೆ, ಇಪ್ಪತ್ತಾರು ಮಕ್ಕಳು. ಮುಕ್ಕಾಲು ಪಾಲು ಮಕ್ಕಳ ಮನೆಮಾತು ತೆಲುಗು. ಅವಳಿಗೆ ಬರುತ್ತಿದ್ದದ್ದು ಸಂತೆಗೆ ಸಾಲುವಷ್ಟು ತೆಲುಗು. ಮಕ್ಕಳಿಗೆ ಕನ್ನಡ ಕಲಿಸಿ ಒಂದನೇ ಕ್ಲಾಸಿಗೆ ಕಳಿಸಬೇಕೆಂದು ಮೇಲಿನವರು ಹೇಳಿದ್ದರು. ಆ ಮಾತನ್ನು ಅವಳು ಚಾಚೂ ತಪ್ಪದೆ ಪಾಲಿಸಹೊರಟಳು.

ಸೇರಿದ ಎರಡನೇ ವಾರವೇ ಒಂದು ತಪ್ಪು ಮಾಡಿದಳು. ಹಲಗೆಯ ಮೇಲೆ ಕೋಳಿಯ ಚಿತ್ರ ಬರೆದು "ಇದೇನು?" ಎಂದು ಕೇಳಿದಾಗ ಮುಂದೆ ಕೂತಿದ್ದ ನಾಲ್ಕು ವರ್ಷದ ಆದಿಲಕ್ಷ್ಮಿ ಎದ್ದು ನಿಂತು "ಕೋಡಿ" ಅಂದಳು. ತೆಲುಗಿನಲ್ಲಿ ಕೋಳಿಗೆ ಹಾಗೇ ಅನ್ನುವುದು.

"ಕೋಡಿ ಅಂದ್ರೆ ಕೆರೆ ಕೋಡಿ ಕಣೇ! ನಿಮ್ಮನೆ ಕೋಳಿ ಮೇಲೆ ನೀರು ಹರಿಯುತ್ತೇನೆ?" ಎಂದು ವೆಂಕಟರತ್ನಮ್ಮ ನಕ್ಕಳು. ಕನ್ನಡ ಬರುತ್ತಿದ್ದ ಮಕ್ಕಳೂ ನಕ್ಕವು. ಅವು ನಕ್ಕಿದ್ದು ಕಂಡು ಬರದವೂ ನಕ್ಕವು. ಆದಿಲಕ್ಷ್ಮಿ ಕೂತುಕೊಂಡಳು. ಆಮೇಲೆ ಎರಡು ತಿಂಗಳು ಆ ಮಗು ಬಾಲವಾಡಿಯಲ್ಲಿ ತುಟಿ ಬಿಚ್ಚಲಿಲ್ಲ. ಉಪ್ಪಿಟ್ಟು ಬೇಕಾದರೂ ತಟ್ಟೆ ಚಾಚುವುದಷ್ಟೆ.

ಒಂದು ದಿನ ಆದಿಲಕ್ಷ್ಮಿಯ ಅಜ್ಜಿ ದೊಡ್ಡಮುನಿಯಮ್ಮ ಬಾಗಿಲಿಗೆ ಬಂದು ನಿಂತಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಕೈಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಕಲೆ.

"ಟೀಚರಮ್ಮಾ, ನಮ್ಮ ಪಾಪಂಗೆ ಏನಂದ್ರಿ? ಮುಂಚೆ ಮನೇಲಿ ಅದರ ಬಾಯಿ ಮುಚ್ಸಕ್ಕೇ ಆಗ್ತಿರ್ಲಿಲ್ಲ. ಈಗ ನಿಮ್ಮ ಬಾಲವಾಡಿ ಅಂದ್ರೆ ಕಂಬ ಹಿಡ್ಕೊಂಡು ನಿಂತುಬಿಡ್ತದೆ."

ವೆಂಕಟರತ್ನಮ್ಮನಿಗೆ ತಾನು ಅಂದದ್ದು ನೆನಪಾಗಿ ಮುಖ ಸಣ್ಣದಾಯಿತು. "ನಾನೇ ಸರಿ ಮಾಡ್ತೀನಮ್ಮಾ" ಎಂದಷ್ಟೇ ಹೇಳಿದಳು. ಹೇಗೆ ಸರಿ ಮಾಡುವುದೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ತಿಂಗಳ ಮೀಟಿಂಗಿಗೆಂದು ಶ್ರೀನಿವಾಸಪುರಕ್ಕೆ ಹೋದ ದಿನ, ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಅಲ್ಲಿನ ಪುಟ್ಟ ವಾಚನಾಲಯಕ್ಕೆ ಹೊಕ್ಕಳು. ನೋಡಿಕೊಳ್ಳುತ್ತಿದ್ದವರು ಚನ್ನರಾಯಪ್ಪ ಎಂಬ ಮೆದುಮಾತಿನ ಮನುಷ್ಯ. ಸಣ್ಣ ಮಕ್ಕಳಿಗೆ ಏನಾದರೂ ಇದೆಯೇ ಎಂದು ಕೇಳಿದಾಗ ಅವರು ಬೀರುವಿನ ಕೆಳಗಿನ ಅರೆಯಿಂದ ಒಂದು ಕಟ್ಟು ಎಳೆದರು. ದಾರವನ್ನು ಯಾರೂ ಬಿಚ್ಚಿರಲಿಲ್ಲ.

"ಬಂದು ಒಂದು ವರ್ಷ ಆಯ್ತಮ್ಮ. ಬರೀ ಚಿತ್ರ. ಓದೋಕೆ ಅಕ್ಷರಾನೇ ಸಾಲಲ್ಲ ಅಂತ ಯಾರೂ ತಗೊಳ್ಳಲ್ಲ. ಇದನ್ನ ಯಾರಿಗೆ ಕೊಡ್ಬೇಕು ಅಂತ ನನಗೂ ತಿಳೀಲಿಲ್ಲ ನೋಡಿ."

ಅವಳು ಅಲ್ಲೇ ಬೆಂಚಿನ ಮೇಲೆ ಕೂತು ಒಂದೊಂದೇ ತೆಗೆದು ನೋಡಿದಳು. ಮೂರನೆಯದು ಒಂದು ಕೋಳಿಯ ಕಥೆ. ಕೋಳಿ ತನ್ನ ಮರಿಗಳನ್ನು ಎಣಿಸುತ್ತದೆ, ಒಂದು ಕಡಿಮೆಯಿದೆ, ಊರೆಲ್ಲ ಹುಡುಕುತ್ತದೆ. ಪುಟಕ್ಕೆ ಒಂದೇ ಸಾಲು, ಉಳಿದದ್ದೆಲ್ಲ ಬಣ್ಣ. ಅವಳಿಗೆ ಬಸ್ಸು ಹೋದದ್ದೇ ಗೊತ್ತಾಗಲಿಲ್ಲ.

ಮರುದಿನ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಎರವಲು ತಂದ ಆ ಕೋಳಿಯ ಪುಸ್ತಕ ಬಿಚ್ಚಿದಳು. ಮೊದಲ ಪುಟ, ಎರಡನೇ ಪುಟ. ಮೂರನೇ ಪುಟದಲ್ಲಿ ಕೋಳಿ ಬಾವಿಕಟ್ಟೆಯ ಬಳಿ ನಿಂತು ಮರಿಯನ್ನು ಕೂಗುತ್ತಿತ್ತು. ಹಿಂದಿನಿಂದ ಒಂದು ಪುಟ್ಟ ಕೈ ಬಂದು ಚಿತ್ರದ ಮೂಲೆಯನ್ನು ಮುಟ್ಟಿತು.

"ಅದಿಗೋ, ಕೋಡಿಪಿಲ್ಲ!"

ಆದಿಲಕ್ಷ್ಮಿ. ವೆಂಕಟರತ್ನಮ್ಮ ಬಗ್ಗಿ ನೋಡಿದಳು. ನಿಜವಾಗಿಯೂ ಅವಳಿಗೆ ಏನೂ ಕಾಣಲಿಲ್ಲ. "ಎಲ್ಲಮ್ಮಾ? ನಂಗೆ ಕಾಣಿಸ್ತಿಲ್ಲ, ತೋರ್ಸು" ಅಂದಳು. ಮಗು ಉಗುರಿನಿಂದ ತೋರಿಸಿತು. ಒರಗಿಸಿಟ್ಟ ಮೊರದ ಹಿಂದೆ ಹಳದಿ ಕೊಕ್ಕು! ಚಿತ್ರ ಬರೆದವರು ಪ್ರತಿ ಪುಟದಲ್ಲೂ ಆ ಮರಿಯನ್ನು ಎಲ್ಲೋ ಒಂದು ಕಡೆ ಬಚ್ಚಿಟ್ಟಿದ್ದರು. ಹಿಂದಿನ ದಿನ ಅಷ್ಟು ಹೊತ್ತು ನೋಡಿದರೂ ಅವಳಿಗೆ ಸಿಕ್ಕಿರಲಿಲ್ಲ. ಈಗ ಇಪ್ಪತ್ತಾರು ತಲೆಗಳು ಪುಸ್ತಕದ ಮೇಲೆ ಬಾಗಿದವು. ಕೋಡಿಪಿಲ್ಲ, ಕೋಳಿಮರಿ, ಎರಡೂ ಕೂಗು ಒಟ್ಟಿಗೇ ಎದ್ದವು. ಅವಳು ಯಾರನ್ನೂ ತಿದ್ದಲಿಲ್ಲ.

ಆ ಸಂಜೆ ಆದಿಲಕ್ಷ್ಮಿ ಪುಸ್ತಕ ಬಿಡಲೊಲ್ಲದೆ ಎದೆಗವಚಿಕೊಂಡಾಗ ವೆಂಕಟರತ್ನಮ್ಮ ಅದನ್ನು ಮನೆಗೇ ಕೊಟ್ಟು ಕಳಿಸಿದಳು. ಮರುದಿನ ದೊಡ್ಡಮುನಿಯಮ್ಮನೇ ಪುಸ್ತಕ ಹಿಡಿದು ಬಂದಳು. ಬೀದಿಯ ಮಕ್ಕಳಿಗೆಲ್ಲ ಜಗುಲಿ ಮೇಲೆ ಕೂತು ತೆಲುಗಿನಲ್ಲಿ ಕಥೆ ಹೇಳಿದ್ದಳಂತೆ. ಮುಖ ಮಾತ್ರ ಗಂಟಿಕ್ಕಿತ್ತು.

"ಟೀಚರಮ್ಮಾ, ಇದನ್ನ ಬರ್ದೋರು ಕೋಳಿ ಸಾಕವ್ರಾ? ಮರಿ ಮಾಡಿದ ಕೋಳಿ ರೆಕ್ಕೆ ಹಿಂಗೆ ಮುದುರ್ಕೊಂಡಿರಲ್ಲ. ಉಬ್ಬಿಸ್ಕೊಂಡಿರ್ತದೆ, ಹತ್ರ ಹೋದ್ರೆ ಕುಕ್ಕಕ್ಕೆ ಬರ್ತದೆ. ಕಥೆ ಮಾತ್ರ ಚೆನ್ನಾಗದೆ."

ಅಕ್ಷರ ಬಾರದ ಹೆಂಗಸು ಒಂದು ಪುಸ್ತಕವನ್ನು ಇಷ್ಟು ಕೂಲಂಕಷವಾಗಿ ನೋಡಿದ್ದನ್ನು ವೆಂಕಟರತ್ನಮ್ಮ ಅದುವರೆಗೆ ಕಂಡಿರಲಿಲ್ಲ. ಅಂದಿನಿಂದ ಶ್ರೀನಿವಾಸಪುರದಿಂದ ಯಾವ ಚಿತ್ರಪುಸ್ತಕ ತಂದರೂ ಮೊದಲು ಹೋಗುತ್ತಿದ್ದದ್ದು ದೊಡ್ಡಮುನಿಯಮ್ಮನ ಜಗುಲಿಗೆ. ಮುದುಕಿ ಸೊಪ್ಪು ಕತ್ತರಿಸುವುದನ್ನು ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು, ಪುಟ ತಿರುವುತ್ತಿದ್ದಳು. ಮಾತಿಗೊಮ್ಮೆ ನೀತಿ ಹೇಳುವ ಆಮೆಯ ಪುಸ್ತಕವನ್ನು ಎರಡೇ ಪುಟಕ್ಕೆ ಮುಚ್ಚಿದಳು. "ಇದು ಬುದ್ಧಿ ಹೇಳಕ್ಕೆ ಬಂದದೆ, ಕಥೆ ಹೇಳಕ್ಕಲ್ಲ." ಸಮುದ್ರದ ಪುಸ್ತಕವನ್ನು ಮೂರು ದಿನ ಇಟ್ಟುಕೊಂಡಳು. ಆಕೆ ಕೆರೆಗಿಂತ ದೊಡ್ಡ ನೀರು ಕಂಡವಳಲ್ಲ.

"ನೋಡ್ದೇ ಇರೋದನ್ನ ತೋರ್ಸಿದ್ರೆ ಒಳ್ಳೇದೇ ಕಣಮ್ಮ. ನೋಡಿರೋದನ್ನ ತಪ್ಪಾಗಿ ತೋರಿಸ್ಬಾರ್ದು, ಅಷ್ಟೆ."

ಆ ಮಾತನ್ನು ವೆಂಕಟರತ್ನಮ್ಮ ತನ್ನ ಹಾಜರಿ ಪುಸ್ತಕದ ಹಿಂದೆ ಬರೆದಿಟ್ಟುಕೊಂಡಳು.

ನಡುವೆ ಒಮ್ಮೆ ಆನೆಯ ಪುಸ್ತಕದ ಒಂದು ಹಾಳೆ ಮಕ್ಕಳ ಜಗ್ಗಾಟದಲ್ಲಿ ಹರಿದುಹೋಯಿತು. ಅನ್ನದ ಅಂಟು ಹಾಕಿ ಅಂಟಿಸಿ, ಚನ್ನರಾಯಪ್ಪನವರ ಮೇಜಿನ ಮುಂದೆ ತಪ್ಪಿತಸ್ಥಳ ಹಾಗೆ ನಿಂತಳು. ಇನ್ನು ಮುಂದೆ ಪುಸ್ತಕ ಕೊಡಲಾರರೆಂದೇ ಅವಳ ಎಣಿಕೆ. ಅವರು ಹರಿದ ಜಾಗವನ್ನು ಬೆರಳಿನಿಂದ ಸವರಿ ನೋಡಿದರು.

"ನಮ್ಮ ಬೀರೂನಲ್ಲಿ ಹತ್ತು ವರ್ಷದಿಂದ ಹೊಸದಾಗೇ ಇರೋ ಪುಸ್ತಕಗಳವೆ, ಅವನ್ನ ನೋಡಿದ್ರೇ ನಂಗೆ ಸಂಕಟ ಆಗೋದು. ಇದು ಹರಿದಿರೋದು ಓದಿದ್ದಕ್ಕಲ್ಲವಾ? ತಗೊಂಡ್ಹೋಗಿ." ಅಷ್ಟು ಹೇಳಿ, ಒಂದು ಸಲಕ್ಕೆ ಒಂದೇ ಎಂಬ ನಿಯಮವಿದ್ದರೂ ತಮ್ಮ ಹೆಸರಿನಲ್ಲಿ ಇನ್ನೂ ಮೂರು ಬರೆದುಕೊಟ್ಟರು. ಕೋಲಾರಕ್ಕೆ ಹೋದಾಗಲೆಲ್ಲ ಕೇಳಿ ಕಾಡಿ ಹೊಸ ಚಿತ್ರಪುಸ್ತಕ ತರಿಸತೊಡಗಿದರು.

ಬರಬರುತ್ತ ತಿಂಗಳ ಮೀಟಿಂಗಿನಲ್ಲಿ ಬೇರೆ ಊರಿನ ಟೀಚರುಗಳು ಅವಳ ಚೀಲಕ್ಕೆ ಕೈಹಾಕುವುದು ರೂಢಿಯಾಯಿತು. "ಈ ಸಲ ಏನ್ ತಂದ್ರಿ ರತ್ನಮ್ಮಕ್ಕ? ನಿಮ್ಮ ಅಜ್ಜಿ ಪಾಸ್ ಮಾಡವ್ರಾ?" ಯಾವ ಪುಟದಲ್ಲಿ ಮಕ್ಕಳು ನಗುತ್ತವೆ, ಯಾವುದನ್ನು ಅಳುವ ಮಗುವಿಗೆ ಕೊಡಬೇಕು, ಯಾವುದನ್ನು ಗುಂಪಿನಲ್ಲಿ ತೋರಿಸಬಾರದು, ಎಲ್ಲವನ್ನೂ ಅವಳು ಹೇಳಿಕೊಡುತ್ತಿದ್ದಳು.

1984ರಲ್ಲಿ ಕೋಲಾರದಲ್ಲಿ ಜಿಲ್ಲೆಯ ಬಾಲವಾಡಿ ಟೀಚರುಗಳಿಗೆ ತರಬೇತಿ ನಡೆದಾಗ ಅವಳಿಗೆ ಅರ್ಧ ಗಂಟೆ ಮಾತಾಡಲು ಹೇಳಿದರು. ಅವಳು ಹಟ ಹಿಡಿದು ದೊಡ್ಡಮುನಿಯಮ್ಮನನ್ನೂ ಬಸ್ಸು ಹತ್ತಿಸಿದಳು. ಎಪ್ಪತ್ತು ಜನ ಟೀಚರುಗಳ ಮುಂದೆ ಮೊದಲು ಕೋಡಿಯ ಸಂಗತಿ ಹೇಳಿದಳು. "ಮಗು ಸರಿಯಾಗೇ ಹೇಳಿತ್ತು. ತಪ್ಪು ನಂದು. ಎರಡು ತಿಂಗಳು ಅದರ ಮಾತು ಕಿತ್ಕೊಂಡೆ. ವಾಪಸ್ ಕೊಟ್ಟಿದ್ದು ಒಂದು ಪುಸ್ತಕ." ಆಮೇಲೆ ಮುದುಕಿಯ ಕೈಗೆ ಹೊಸದೊಂದು ಪುಸ್ತಕ ಕೊಟ್ಟು ಪಕ್ಕಕ್ಕೆ ಸರಿದಳು. ಕುರ್ಚಿಯ ತುದಿಯಲ್ಲಿ ಕೂತಿದ್ದ ದೊಡ್ಡಮುನಿಯಮ್ಮ ಮೊದಲು ನಾಚಿದಳು. ಎರಡು ಪುಟವಾದ ಮೇಲೆ ಟೀಚರುಗಳನ್ನು ಮರೆತಳು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅವಳು ಮೇಕೆಯ ಜಗಳದ ಕಥೆ ಕಟ್ಟುತ್ತಿದ್ದರೆ ಎಪ್ಪತ್ತು ಜನ ಮಕ್ಕಳಂತೆ ಕುತ್ತಿಗೆ ಚಾಚಿದ್ದರು.

ಅಂದು ವೆಂಕಟರತ್ನಮ್ಮ ಹೇಳಿದ ಹನ್ನೆರಡು ಪುಸ್ತಕಗಳ ಪಟ್ಟಿ ಕಲ್ಲಚ್ಚಿನಲ್ಲಿ ಜಿಲ್ಲೆಯ ಬಾಲವಾಡಿಗಳಿಗೆಲ್ಲ ಹೋಯಿತು. ಅದು ಅಚ್ಚಾಗಿ ಬಂದ ದಿನ ಅವಳು ಮೊದಲ ಪ್ರತಿಯನ್ನು ಚನ್ನರಾಯಪ್ಪನವರಿಗೆ ಕೊಟ್ಟು ಕೈ ಮುಗಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಮುಂದಿನ ವರ್ಷ ಮುಳಬಾಗಿಲು ಕಡೆಯ ಹಳ್ಳಿಯೊಂದರಿಂದ ಭಾರತಮ್ಮ ಎಂಬ ಟೀಚರ ಕಾರ್ಡು ಬಂತು. ಅವಳು ಪಟ್ಟಿಯಲ್ಲಿದ್ದ ಪುಸ್ತಕಗಳನ್ನು ತರಿಸಿದ್ದಳು. ಅವಳಿಗೂ ಕದಿರಮ್ಮ ಎಂಬ ಅಜ್ಜಿಯೊಬ್ಬಳು ಸಿಕ್ಕಿದ್ದಳು. ಆದರೆ ಕದಿರಮ್ಮ ಸಮುದ್ರದ ಪುಸ್ತಕ ಬೇಡವೇ ಬೇಡ ಅಂದಿದ್ದಳಂತೆ. ಓದಿ ಹೇಳಿದಾಗ ದೊಡ್ಡಮುನಿಯಮ್ಮ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

"ಬೇಡ ಅಂದ್ಲಾ? ಯಾಕಂತೆ? ಆಯಮ್ಮನ್ನ ಒಂದ್ಸಲ ಇಲ್ಲಿಗೆ ಬರಕ್ಕೆ ಹೇಳಿ ಟೀಚರಮ್ಮಾ, ಮಾತಾಡ್ಬೇಕು."

ಮಾವಿನ ಕಾಲದಲ್ಲಿ ಭಾರತಮ್ಮ ನಿಜಕ್ಕೂ ಕದಿರಮ್ಮನನ್ನು ಕರೆದುಕೊಂಡು ಬಂದಳು. ಅಕ್ಷರ ಬಾರದ ಇಬ್ಬರು ಮುದುಕಿಯರು ಜಗುಲಿಯ ಮೇಲೆ ಸಮುದ್ರದ ಪುಸ್ತಕವನ್ನು ನಡುವೆ ಇಟ್ಟುಕೊಂಡು ತೆಲುಗಿನಲ್ಲಿ ಜೋರು ವಾದಕ್ಕಿಳಿದರು. ಹೈಸ್ಕೂಲಿಗೆ ಹೋಗುವ ಹೊಸ್ತಿಲಲ್ಲಿದ್ದ ಆದಿಲಕ್ಷ್ಮಿ ಇಬ್ಬರ ಮಧ್ಯೆ ಕೂತು, ಒಮ್ಮೆ ಇವಳ ಪರ ಒಮ್ಮೆ ಅವಳ ಪರ ಪುಟ ತಿರುವಿ ತೋರಿಸುತ್ತಿದ್ದಳು. ವೆಂಕಟರತ್ನಮ್ಮ ಒಳಗೆ ಸೊಣ್ಣಪ್ಪ ತಂದ ಹಣ್ಣು ಹೆಚ್ಚುತ್ತ ಕೇಳಿಸಿಕೊಂಡಳು. ಮನಸ್ಸಿನಲ್ಲೇ ಅವರೆಲ್ಲರಿಗೂ ಒಬ್ಬೊಬ್ಬರಾಗಿ ಕೈ ಮುಗಿದು, ತಟ್ಟೆ ಎತ್ತಿಕೊಂಡು ಹೊರಗೆ ಬಂದಳು.