ಎರೆಹೊಲದವರು ಮರಳಿಗಿಳಿದದ್ದು

ಅಥವಾ ಆ ಬಾವುಟ ಕೆಂಪಾಗಿರಲೇ ಇಲ್ಲವೇನೋ. ಕಿತ್ತಳೆ ಇದ್ದೀತು. ಲಡಾಖಿನ ಒಂದು ನದೀಪಾತ್ರದ ಮರಳಿನಲ್ಲಿ, ಕೋಲಿಗೆ ಕಟ್ಟಿದ ಬಟ್ಟೆಯ ತುಂಡು ಇತ್ತು. ಅದರ ಎಡಕ್ಕೆ ಹೋಗಬೇಕಾಗಿದ್ದ ನಮ್ಮ ಜೀಪು ಬಲಕ್ಕೆ ಹೋಯಿತು. ಇಷ್ಟನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ. ಬಣ್ಣದ ವಿಷಯದಲ್ಲಿ ನನ್ನ ಮೇಲೆ ನನಗೇ ಅನುಮಾನ. ಅದಕ್ಕೆ ಕೆಲವು ತಿಂಗಳ ಮೊದಲು ಇದೇ ಜೀಪು ರಾಣೆಬೆನ್ನೂರಿನಿಂದ ಕುಪ್ಪೇಲೂರಿಗೆ ಹೋಗುವ ದಾರಿಯಲ್ಲಿ ಯಾರೋ ಒಣಹಾಕಿದ್ದ ಮೆಣಸಿನಕಾಯಿಯ ಮೇಲೆ ಹತ್ತಿತ್ತು. ಆ ಕೆಂಪನ್ನು ನನ್ನ ನೆನಪು ಕದ್ದು ತಂದು ಲಡಾಖಿನ ಕೋಲಿಗೆ ಕಟ್ಟಿರಬಹುದು. ನೆನಪಿಗೆ ಎಲ್ಲವನ್ನೂ ಒಪ್ಪವಾಗಿ ಹೊಂದಿಸಿಡುವ ಚಟವಿದೆ. ನಾನು ಆ ಒಪ್ಪವನ್ನು ನಂಬುವುದಿಲ್ಲ.

ಎರಡೂ ಸಲ ಜೀಪು ಓಡಿಸುತ್ತಿದ್ದವರು ಮಾವ, ಅಂದರೆ ನನ್ನ ಅಕ್ಕನ ಗಂಡ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ವಯಸ್ಸು ಅರವತ್ತೆಂಟು, ಅವರನ್ನು ಕೇಳಿದರೆ ಅರವತ್ತೈದು. ಮಳೆಗಾಲದಲ್ಲಿ ಕಪ್ಪುಮಣ್ಣಿನ ಎರೆಹೊಲಕ್ಕೆ ಗಾಡಿ ಇಳಿಸಿ ಮತ್ತೆ ಹೊರಗೆ ತರುವುದರಲ್ಲಿ ಅವರ ಸಮ ಇನ್ನೊಬ್ಬರಿಲ್ಲ ಎಂಬುದು ಅವರದೇ ಅಭಿಪ್ರಾಯವಾದರೂ, ಅದನ್ನು ಬೇರೆಯವರೂ ಅಲ್ಲಗಳೆದಿರಲಿಲ್ಲ.

ಮೆಣಸಿನಕಾಯಿಯ ಪ್ರಕರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಜೋಳ, ಹುರುಳಿಗಳನ್ನು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ. ಹೋಗಿಬರುವ ಗಾಡಿಗಳ ಚಕ್ರವೇ ಕಾಳು ಬಿಡಿಸಿಕೊಡುತ್ತದೆ. ಅದರ ಮೇಲೆ ಹತ್ತಿಸಿ ಹೋಗುವುದು ಉಪಕಾರ. ಪಕ್ಕಕ್ಕೆ ತಪ್ಪಿಸಿಕೊಂಡು ಹೋದರೆ ಒಕ್ಕುವವರ ಮುಖ ಸಣ್ಣದಾಗುತ್ತದೆ. ಮೆಣಸಿನಕಾಯಿಯದು ಇದಕ್ಕೆ ಪೂರ್ತಿ ವಿರುದ್ಧ ಕಾನೂನು. ಮಾವನ ಸಮಜಾಯಿಷಿ, ತಾನು ಅದನ್ನು ಹುರುಳಿ ಅಂದುಕೊಂಡೆ ಎಂಬುದು.

"ನಲವತ್ತು ವರ್ಷ ಮೆಣಸಿನಕಾಯಿ ವ್ಯಾಪಾರ ಮಾಡೇರಿ," ಅಂದಳು ಅಕ್ಕ. "ಕೆಂಪನ್ನ ಕಾಯಿ ನಿಮಗ ಹುರುಳಿ ಕಂಡಂಗ ಕಂಡೂವೇನು?"

"ಬಿಸಲಿತ್ತಲ್ಲ."

"ಬಿಸಲಾಗ ಕೆಂಪು ಹೆಚ್ಚ ಕಾಣತೈತಿ. ಕಡಿಮಿ ಅಲ್ಲ."

"ಪರೋಪಕಾರ ಮಾಡಾಕ ಹೋಗಿದ್ದೆ, ಅದೂ ತಪ್ಪಾತು."

ಅಂದಿನಿಂದ ಅಕ್ಕ ಆ ಜೀಪು ಹತ್ತುವುದನ್ನು ಬಿಟ್ಟಳು. ಎಲ್ಲಿಗೆ ಹೋಗುವುದಿದ್ದರೂ ಬಸ್ಸು. ಹಾವೇರಿಯಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದ್ದಾಯಿತು. ದೃಷ್ಟಿ ಸರಿಯಿದೆ ಎಂದು ಚೀಟಿ ಬಂತು. ಆದರೆ ಬಾಗಿಲು ತೆರೆದಿತ್ತು, ಹೊರಗೆ ಕೂತು, ತಮಗಿಂತ ಮೊದಲು ಒಳಗೆ ಹೋದ ಮೂವರು ಓದಿದ ಅಕ್ಷರಗಳನ್ನೆಲ್ಲ ಮಾವ ಬಾಯಿಪಾಠ ಮಾಡಿಕೊಂಡರು ಎಂದು ಅಕ್ಕನ ಆರೋಪ. "ಅಷ್ಟು ಬಾಯಿಪಾಠ ಮಾಡೂ ತಲಿ ನನಗಿದ್ದಿದ್ರ ಮ್ಯಾಟ್ರಿಕ್ ಪಾಸ್ ಆಗತಿದ್ದೆ," ಎಂದು ಮಾವ. ಇಬ್ಬರ ವಾದದಲ್ಲೂ ಸತ್ವವಿತ್ತು.

ಇದರ ನಡುವೆ ಮಾವನಿಗೆ ಲಡಾಖಿನ ಹುಚ್ಚು ಹತ್ತಿತು. ಪುಣೆಯ ಕಡೆಯ ಒಂದು ತಂಡ, ಅವರವರದೇ ಗಾಡಿಗಳು, ಮುಂದೊಬ್ಬ ಲೇಹ್‌ನ ನಾಯಕ, ಡಾಂಬರು ಕಾಣದ ಹಾದಿಗಳು. ಅಕ್ಕ ಬೇಡ ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನು ಅಡುಗೆಮನೆಗೆ ಕರೆದಳು.

"ನೀ ಅವರ ಬಾಜೂಕ ಕುಂದ್ರು. ಕಣ್ಣು ಕಾಣತೈತೋ ಇಲ್ಲೋ ನೋಡಿಕೊಂಡ ಬಾ. ಕಾಣತೈತಿ ಅಂದ್ರ ನಾನೂ ಹತ್ತತೇನಿ, ಎಲ್ಲಿ ಬೇಕಾದಲ್ಲಿ ಓಡಾಡ್ಲಿ. ಇಲ್ಲಾಂದ್ರ ಕೀಲಿಕೈ ನಂದು. ಅವರಿಗೂ ಹೇಳೇನಿ, ಒಪ್ಪ್ಯಾರ."

ಒಬ್ಬ ಮನುಷ್ಯನ ಕಣ್ಣು ಪರೀಕ್ಷಿಸಲು ಅವನನ್ನು ದೇಶದ ಅತಿ ಎತ್ತರದ, ಅತಿ ಇಕ್ಕಟ್ಟಿನ ರಸ್ತೆಗಳಿಗೆ ಕಳಿಸುವ ಮನೆತನ ನಮ್ಮದು. ಪ್ರಪಾತದ ಅಂಚಿನಲ್ಲಿ ಪರೀಕ್ಷಕ ಎಲ್ಲಿ ಕೂತಿರುತ್ತಾನೆ ಎಂಬುದನ್ನು ಅಕ್ಕ ಯೋಚಿಸಿದಂತಿರಲಿಲ್ಲ. ನಾನೂ ಯೋಚಿಸಲಿಲ್ಲ. ಎರಡು ಸ್ವೆಟರ್ ಕೊಂಡೆ.

ಹೆದ್ದಾರಿಯಲ್ಲಿ ನನ್ನ ಕೈಗೆ ಸ್ಟೇರಿಂಗ್ ಕೊಟ್ಟು ಅವರು ಗೊರಕೆ ಹೊಡೆದರು. "ಡಾಂಬರ ಮ್ಯಾಗ ಯಾರರ ಹೊಡೀತಾರ ತಮ್ಮಾ. ಹಾದಿ ಮುಗದ ಮ್ಯಾಗ ಎಬ್ಬಿಸು." ಹಾದಿ ಮುಗಿದ ಮೇಲೆ ಎಬ್ಬಿಸಿದೆ. ಅಲ್ಲಿಂದ ಮುಂದಿನ ದಿನಗಳ ಬಗ್ಗೆ ನನ್ನ ಬಳಿ ಒಂದು ಪುಸ್ತಕವಿದೆ, ಪರೀಕ್ಷಕನ ಪುಸ್ತಕ. ಅದರಲ್ಲಿ ಹೀಗಿದೆ: "ಕಣಿವೆಯ ತಿರುವುಗಳು. ಒಂದೂ ತಪ್ಪಲಿಲ್ಲ. ಎಲ್ಲರೂ ಹೊಗಳಿದರು." ಅದರ ಕೆಳಗೆ ಬೇರೆ ಶಾಯಿಯಲ್ಲಿ: "ಆದರೆ ಮುಂದಿನ ಗಾಡಿಯ ಬಾಲ ಬಿಡಲಿಲ್ಲ." ಇನ್ನೊಂದು ಪುಟ: "ಕಾಡುಕತ್ತೆಗಳನ್ನು ನನಗಿಂತ ಮೊದಲು ಕಂಡರು." ಅಥವಾ ನಾನು "ಅಗೋ" ಅಂದಮೇಲೆ "ಹೌದು, ಕತ್ತಿ" ಅಂದರೋ? ಬರೆದವನೂ ನಾನೇ, ಓದುವವನೂ ನಾನೇ, ಇಬ್ಬರಿಗೂ ಗೊತ್ತಿಲ್ಲ.

ಕಣ್ಣಲ್ಲಿ ನೀರು ಬರುತ್ತಿತ್ತು, ಅದು ನಿಜ. ಆದರೆ ಆ ಜೀಪಿನಲ್ಲಿ ಯಾರ ಕಣ್ಣಲ್ಲಿ ಬರುವುದಿಲ್ಲ? ವರ್ಷಗಟ್ಟಲೆ ಮೆಣಸಿನಕಾಯಿ ಚೀಲ ಹೇರಿದ ಗಾಡಿ. ಒಂದು ಬೆಳಿಗ್ಗೆ ನಾಯಕ ನಮ್ಮ ಜೊತೆ ಕೂತ. ಚಳಿಯೆಂದು ಮಾವ ಬಿಸಿಗಾಳಿ ಹಾಕಿದರು. ಆ ಮನುಷ್ಯ ಮೂವತ್ತಾದರೂ ಸೀನು ಸೀನಿ, ಕಣ್ಣು ಮೂಗು ಒಂದಾಗಿ, ಗಾಡಿ ನಿಲ್ಲಿಸಲು ಕೈಸನ್ನೆ ಮಾಡಿದ. ಮಾವ ತಮ್ಮ ಬಜಾರಿನ ಹಿಂದಿಯಲ್ಲಿ ಅವನಿಗೆ ಸಮಾಧಾನ ಹೇಳಿದರು: ಬ್ಯಾಡಗಿ ಕಾಯಿ ಖಾರವೇ ಇರುವುದಿಲ್ಲ, ಬರೀ ಬಣ್ಣ. ಅವನು ಉಳಿದ ಹಾದಿಯನ್ನು ಬೇರೆ ಗಾಡಿಯಲ್ಲಿ ಪೂರೈಸಿದ.

ಇನ್ನು ಮರಳು.

ಮಧ್ಯಾಹ್ನದ ಹೊತ್ತು. ಮೇಲೆಲ್ಲೋ ಹಿಮ ಕರಗಿ ನೀರು ಏರುತ್ತಿತ್ತು. ನದಿಯ ಪಕ್ಕದಲ್ಲಿ ಅರ್ಧ ಮೈಲು ಮರಳು ದಾಟಬೇಕು. ನಾಯಕ ಮುಂದೆ ಹೋಗಿ ಆ ಕೋಲನ್ನು ನೆಟ್ಟು, ಬಾವುಟದ ಎಡಕ್ಕೆ, ನೀರಿನ ಅಂಚು ಹಿಡಿದು ಬನ್ನಿ ಎಂದು ವಾಕಿಟಾಕಿಯಲ್ಲಿ ಹಿಂದಿಯಲ್ಲಿ ಹೇಳಿದ. ಅದು ನಮ್ಮಿಬ್ಬರಿಗೂ ಕೇಳಿಸಿತು. ಮುಂದಿನ ಗಾಡಿ ಆಗಲೇ ದಿಬ್ಬದ ಆಚೆ ಮರೆಯಾಗಿತ್ತು, ಹಿಡಿಯಲು ಬಾಲವಿರಲಿಲ್ಲ. ಬಾವುಟ ನನಗೆ ಕಾಣುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಪರೀಕ್ಷೆಯಲ್ಲಿ ಉತ್ತರ ಹೇಳಿಕೊಡುವಂತಿಲ್ಲವಲ್ಲ. ಇಡೀ ಪ್ರವಾಸದಲ್ಲಿ ನಾನು ಪ್ರಾಮಾಣಿಕವಾಗಿ ಮಾಡಿದ ಕೆಲಸ ಅದೊಂದೇ.

ಮಾವ ಬಲಕ್ಕೆ ತಿರುಗಿಸಿದರು. ಬೆಳ್ಳಗೆ, ನುಣ್ಣಗೆ, ಒಣಗಿದ ಮರಳು. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಜೀಪು ಅಚ್ಚಿನವರೆಗೆ ಹೂತು, ಕೂತ ಎಮ್ಮೆಯ ಹಾಗೆ ನಿಂತುಬಿಟ್ಟಿತು.

ಮಾವ ಇಳಿದು ಒಂದು ಸುತ್ತು ಬಂದರು. "ಒಣಗಿದ್ದಲ್ಲೇ ಹಾಕೇನಿ. ಯಾಕ ಹೂತತು ಇದು?"

"ಎಡಕ್ಕ ಬರ್ರಿ ಅಂದಿದ್ನಲ್ರಿ ಮಾವಾ, ಅವ."

"ಎಡಕ ಹಸಿ ಐತಿ. ಹಸಿ ಇದ್ದಲ್ಲಿ ಯಾರರ ಗಾಡಿ ಹಾಕತಾರೇನು? ತಲಿ ಐತೇನು ಅವಗ?"

ಇಲ್ಲಿ ಮಾವ ಹೇಳಿದ್ದು ನಮ್ಮೂರಿನ ಮಟ್ಟಿಗೆ ವೇದವಾಕ್ಯ. ಎರೆಮಣ್ಣು ಹಸಿಯಾದರೆ ಚಕ್ರಕ್ಕೆ ಅಂಟಿ, ಉಂಡೆಯಾಗಿ, ಟ್ರ್ಯಾಕ್ಟರನ್ನೂ ನುಂಗುತ್ತದೆ. ಒಣಗಿ ಬಿರುಕು ಬಿಟ್ಟರೆ ಕಲ್ಲು. ಆದ್ದರಿಂದ ಎರೆಹೊಲದವನ ಕಣ್ಣು ಕಪ್ಪನೆಯ ತೇವವನ್ನು ಬಿಟ್ಟು ಒಣಗಿದ ಜಾಗವನ್ನು ಹುಡುಕುತ್ತದೆ. ಮರಳಿನದು ತಿರುವುಮುರುವು: ತೇವವಿದ್ದಲ್ಲಿ ಗಟ್ಟಿ, ಒಣಗಿದ್ದಲ್ಲಿ ಕುಸಿತ. ನಲವತ್ತು ವರ್ಷದ ಅನುಭವ ಇಲ್ಲದ ಯಾರೇ ಆಗಿದ್ದರೂ ಆ ಮರಳನ್ನು ಸಲೀಸಾಗಿ ದಾಟುತ್ತಿದ್ದರು.

"ಇಲ್ಲಿ ಎಲ್ಲೆರ ಜ್ವಾಳದ ಕಣಿಕಿ ಸಿಗತೈತೇನು ಕೇಳು, ಗಾಲಿಗೆ ಹಾಕೂಣು," ಅಂದರು ಮಾವ. ಜೋಳದ ಒಣದಂಟಿರಲಿ, ಒಂದು ಹುಲ್ಲುಕಡ್ಡಿಯೂ ಹುಟ್ಟದ ಜಾಗ. ನಾನು ಕೇಳಲಿಲ್ಲ. ನಾಯಕ ವಾಪಸು ಬಂದ. ಬರುವಾಗ ಆ ಕೋಲನ್ನು ಕಿತ್ತು, ಬಟ್ಟೆ ಸುತ್ತಿ ತಂದಿದ್ದ. ಟೈರುಗಳ ಗಾಳಿ ಇಳಿಸಿದ. ಆಮೇಲೆ ಕ್ಯಾನಿನಲ್ಲಿ ನದಿಯ ನೀರು ತಂದು ಚಕ್ರಗಳ ಮುಂದೆ ಸುರಿದ.

"ಹುಚ್ಚ ಅದಾನ ಇವ," ಮಾವ ನನ್ನ ತೋಳು ಹಿಡಿದರು. "ಹೂತ ಗಾಡಿಗೆ ನೀರು ಹಾಕಾಕತ್ತ್ಯಾನ. ಬ್ಯಾಡ ಅನ್ನೋ!"

ನಾಯಕನೇ ಹತ್ತಿ ಚಾಲೂ ಮಾಡಿದ. ಜೀಪು ನಡುಗಿ, ನೀರು ಬಿದ್ದ ಮರಳನ್ನು ಕಚ್ಚಿ ಹಿಡಿದು, ಮೇಲೆ ಬಂತು. ಮಾವ ಬಗ್ಗಿ, ಒದ್ದೆ ಮರಳನ್ನು ಬೆರಳಿನಿಂದ ಒತ್ತಿ ನೋಡಿದರು.

ಸಂಜೆ ಡೇರೆಯಲ್ಲಿ ಚಹಾ ಕುಡಿಯುವಾಗ ಕೇಳಿಯೇಬಿಟ್ಟೆ. "ಮಾವಾ, ಬಾವುಟ ಕಂಡಿತ್ತೋ ಇಲ್ರಿ?"

"ಯಾವ ಬಾವುಟ?"

ನಾನು ಅವರ ಮುಖ ನೋಡಿದೆ. ಅವರು ಚಹಾದ ಲೋಟ ನೋಡಿದರು.

"ಅದಾ? ಕಂಡಿತ್ತು. ಬಾವುಟ ಹೇಳಿದ್ದು ಕೇಳಾಕ ನಾ ಏನು ನಿನ್ನೆ ಗಾಡಿ ಕಲತಂವೇನು? ನೆಲ ನೋಡಿ ಹೊಡದೆ."

ಈ ಸಂಭಾಷಣೆಯನ್ನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿದ್ದೇನೆಂದರೆ, ಅವರ ಆ ಎರಡು ಮಾತುಗಳ ನಡುವೆ ಎಷ್ಟು ಹೊತ್ತು ಕಳೆಯಿತು ಎಂಬುದು ಸವೆದುಹೋಗಿದೆ. ಕೆಲವೊಮ್ಮೆ ಅದು ಒಂದು ಗುಟುಕು ಚಹಾ. ಕೆಲವೊಮ್ಮೆ ಲೋಟ ತಣ್ಣಗಾಗುವಷ್ಟು.

ಬ್ಯಾಡಗಿಗೆ ಬಂದ ದಿನ ಅಕ್ಕ ಊಟಕ್ಕೆ ಮೊದಲೇ ಕೇಳಿದಳು. ನಾನು ಎರೆಮಣ್ಣು, ಮರಳು, ಹಸಿ, ಒಣ ಎಂದು ವಿವರಿಸಲು ಹೊರಟೆ.

"ಭಾಷಣ ಸಾಕು. ಕಾಣತೈತೋ, ಇಲ್ಲೋ?"

ಪಡಸಾಲೆಯಲ್ಲಿ ಮಾವ ರೊಟ್ಟಿ ಮುರಿಯುತ್ತಿದ್ದ ಸದ್ದು ನಿಂತಿತು. ಗೊತ್ತಿಲ್ಲ ಎಂಬ ಉತ್ತರಕ್ಕೆ ಅಕ್ಕನ ಪರೀಕ್ಷೆಯಲ್ಲಿ ಜಾಗವಿರಲಿಲ್ಲ.

"ಕಾಣತೈತಿ," ಅಂದೆ. "ರೂಢಿಯಿಂದ ಒಂದ ಸಲ ತಪ್ಪಿದ್ರು, ಅಷ್ಟ."

"ಖರೇನ?"

"ಖರೇ ಅಕ್ಕಾ."

ರೊಟ್ಟಿ ಮುರಿಯುವ ಸದ್ದು ಮತ್ತೆ ಶುರುವಾಯಿತು.

ಮುಂದಿನ ಶನಿವಾರ ಕದರಮಂಡಲಗಿಯ ಆಂಜನೇಯನಿಗೆ ಹೋಗಲು ಅಕ್ಕ ಜೀಪು ಹತ್ತಿದಳು. ಮಾವನ ಪಕ್ಕದ ಸೀಟು. ತಿಂಗಳುಗಳ ನಂತರ. ಸೆರಗು ಸಿಕ್ಕಿಸಿಕೊಂಡು, ಎಲೆಪೂಜೆಗೆಂದು ವೀಳ್ಯದೆಲೆಯ ಬುಟ್ಟಿ ಮಡಿಲಲ್ಲಿಟ್ಟುಕೊಂಡು, "ನಡೀರಿ" ಅಂದಳು. ಮಾವ ನನ್ನತ್ತ ತಿರುಗಿ ನೋಡಿದರು. ಆ ನೋಟದಲ್ಲಿ ಕೃತಜ್ಞತೆಯಿತ್ತು ಎಂದು ಬರೆದರೆ ಕಥೆ ಮುಗಿಯುತ್ತದೆ, ಮತ್ತು ಅವರಿಗೆ ಕಣ್ಣು ಕಾಣುತ್ತಿರಲಿಲ್ಲ ಎಂದಾಗುತ್ತದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದರು. ಅಷ್ಟೇ ನಾನು ಕಂಡದ್ದು.

ಈಗ ಪ್ರತಿ ಶನಿವಾರ ಹೋಗುತ್ತಾರೆ. ಬರುವವರೆಗೆ ನಾನು ಫೋನನ್ನು ಕೈಯಲ್ಲೇ ಹಿಡಿದಿರುತ್ತೇನೆ. ಮಾಡುವುದಿಲ್ಲ, ಓಡಿಸುವಾಗ ಅವರು ಎತ್ತಿಬಿಟ್ಟರೆ ಎಂದು. ಅವರಿಗೆ ಅಂದು ಬಾವುಟ ಕಂಡಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬುದನ್ನು ಅಕ್ಕನಿಗೆ ಇನ್ನೂ ಹೇಳಿಲ್ಲ.