ಎರಡೂ ನಾಲ್ಕರ ದೊಡ್ಡ ವೃತ್ತ

ಬಳೇಪೇಟೆಯ ಸಗಟು ಬಳೆ ಅಂಗಡಿಯ ಕೆಲಸ ಶೇಷಾದ್ರಿಪುರದ ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸಿಗೆ ಬಂದಾಗ ನಾನೇ ಕೇಳಿ ವಹಿಸಿಕೊಂಡೆ. ಯಾವ ಅಳತೆಯ ಬಳೆ ಎಷ್ಟು ಖರ್ಚಾಗುತ್ತಿದೆ ಎಂಬುದು ಟ್ಯಾಬ್ ಮೇಲೆ ಬೆರಳಿಟ್ಟರೆ ಕಾಣಬೇಕು, ಅಷ್ಟೆ. ಅಂಗಡಿ ನೋಡಿಕೊಳ್ಳುವವರು ಅಕ್ಕ, ತಮ್ಮ ಇಬ್ಬರು. ಮಾಲೀಕರು ತಮ್ಮನಾದರೂ ಟ್ಯಾಬ್ ಬಳಸಬೇಕಾದವರು ಅಕ್ಕ. ಚಿಕ್ಕಂದಿನಿಂದ ಬಳೆಗಳ ನಡುವೆಯೇ ಬೆಳೆದವರು.

ನಾನು ಅಳತೆಗೊಂದರಂತೆ ವೃತ್ತಗಳನ್ನು ಬರೆದಿದ್ದೆ. ಹೆಚ್ಚು ಮಾರಾಟವಾದದ್ದಕ್ಕೆ ದೊಡ್ಡ ವೃತ್ತ, ಕಡಿಮೆಯಾದದ್ದಕ್ಕೆ ಚಿಕ್ಕದು. ಚೆನ್ನಾಗಿ ಬಂದಿದೆ ಎಂದು ಹೆಮ್ಮೆಯೂ ಇತ್ತು.

ಅಕ್ಕ ಎಲ್ಲಕ್ಕಿಂತ ದೊಡ್ಡ ವೃತ್ತವನ್ನು ಮುಟ್ಟಿದರು. 'ಎರಡೂ ನಾಲ್ಕು' ಎಂದು ತೋರಿಸಿತು. ಅದು ಸಣ್ಣ ಕೈಯವರ ಅಳತೆ, ಅತಿ ಹೆಚ್ಚು ಹೋಗುವುದೂ ಅದೇ. ಅವರು ಕಪಾಟಿನಿಂದ ಅದೇ ಅಳತೆಯ ಗಾಜಿನ ಬಳೆಯೊಂದನ್ನು ತೆಗೆದು ವೃತ್ತದ ಮೇಲಿಟ್ಟರು. ಸುತ್ತಲೂ ಬೇಕಾದಷ್ಟು ಜಾಗ ಉಳಿಯಿತು.

"ಎರಡೂ ನಾಲ್ಕು ಇಷ್ಟು ದೊಡ್ದು ಹೆಂಗಿರತ್ತಮ್ಮ?"

ದೊಡ್ಡದೆಂದರೆ ಜಾಸ್ತಿ ಹೋಗಿದೆ ಎಂದರ್ಥ ಅಂತ ವಿವರಿಸಿದೆ. ತಲೆಯಾಡಿಸಿದರು. ಆಮೇಲೆ ಮೂಲೆಯ ಚಿಕ್ಕ ವೃತ್ತ ಸರಿಯಾಗಿ ಕಾಣಲೆಂದು ಎರಡು ಬೆರಳು ಅಗಲಿಸಿದರು. ಎಲ್ಲ ವೃತ್ತಗಳೂ ಒಟ್ಟಿಗೆ ಹಿಗ್ಗಿದವು.

"ಈಗ ಎಲ್ಲಾ ಜಾಸ್ತಿ ಹೋಯ್ತಾ?"

ಹಾಗೆ ಹಿಗ್ಗಲಿ ಎಂದು ನಾನೇ ಮಾಡಿಟ್ಟಿದ್ದೆ, ಅದರಲ್ಲಿ ತಪ್ಪೇನೆಂದು ಆವರೆಗೆ ಹೊಳೆದೇ ಇರಲಿಲ್ಲ.

ಮುಂದಿನ ವಾರ ವೃತ್ತಗಳನ್ನು ಬಳೆಯ ನಿಜವಾದ ಅಳತೆಗೇ ತಂದು, ಹೆಚ್ಚು ಹೋದದ್ದಕ್ಕೆ ಗಾಢ ಹಸಿರು, ಕಡಿಮೆಯದಕ್ಕೆ ತಿಳಿ ಹಸಿರು ಬಳಿದು ತಂದೆ. ಈ ಸಲ ತಮ್ಮ ನೋಡಿದರು. ಹಸಿರು ಬಳೆಯ ಲೆಕ್ಕ ಆಯಿತು, ಕೆಂಪಿನದು ಎಲ್ಲಿ ಎಂದು ಕೇಳಿದರು.

ನಾನು ಮಂಕಾಗಿ ಕೂತೆ. ಅಕ್ಕ ನನ್ನ ಕೈ ಹಿಡಿದು, ಹೆಬ್ಬೆರಳಿನ ಬುಡ ಒಮ್ಮೆ ಅದುಮಿ, "ನಿಮ್ದು ಎರಡೂ ಆರು" ಎಂದರು. ಸರಿಯಾಗಿತ್ತು. ಅವರ ಬೆರಳಿಗೆ ಅಷ್ಟು ಸಲೀಸಾಗಿ ತಿಳಿಯುವುದನ್ನು ತೋರಿಸಲು ಟ್ಯಾಬಿನ ಗಾಜಿನ ಮೇಲೆ ನಾನೇನು ಬರೆಯಬೇಕು? ಎನ್.ಆರ್. ಕಾಲೋನಿಯ ಮನೆವರೆಗೂ ಅದೇ ಯೋಚನೆ, ಬಸ್ಸಿಳಿಯುವ ಜಾಗವನ್ನೂ ಮರೆತೆ.

ಕೊನೆಗೆ ವೃತ್ತ, ಬಣ್ಣ ಎರಡನ್ನೂ ಬಿಟ್ಟೆ. ಅಳತೆಯ ಹೆಸರು, ಮುಂದೊಂದು ಬೂದು ಪಟ್ಟಿ. ಜಾಸ್ತಿ ಹೋದರೆ ಪಟ್ಟಿ ಉದ್ದ. ಅಕ್ಕ ಒಂದೇ ನೋಟಕ್ಕೆ ಓದಿದರು.

"ಇದು ಅರ್ಥ ಆಗತ್ತೆ," ಎಂದರು. "ಆದ್ರೆ ಎಲ್ಲಾ ಕಾಣ್ತಿದ್ಯಲ್ಲ, ಮುಟ್ಟೋದ್ಯಾಕೆ?"

ಮುಟ್ಟಿದರೆ ತಿಂಗಳುವಾರು ಬಿಡಿಸಿ ತೋರಿಸುತ್ತದೆ ಎಂದೆ. ನನ್ನ ಸಮಾಧಾನಕ್ಕೆಂಬಂತೆ ಒಂದು ಸಲ ಮುಟ್ಟಿ ನೋಡಿದರು.

ತಮ್ಮ ಒಪ್ಪಿಕೊಂಡರು, ಆಫೀಸಿನಲ್ಲೂ ಕೆಲಸ ಮುಗಿಯಿತು ಎಂದರು. ಅಕ್ಕ ಈಗ ದಿನಾ ಬೆಳಗ್ಗೆ ಟ್ಯಾಬ್ ತೆರೆಯುತ್ತಾರಂತೆ. ಅದು ಉಪಯೋಗಕ್ಕೆ ಬರುತ್ತಿದೆಯೋ, ಅಥವಾ ಪಾಪ, ಇಷ್ಟು ಓಡಾಡಿದಳಲ್ಲ ಎಂಬ ಕನಿಕರವೋ, ನನಗೆ ಇವತ್ತಿಗೂ ತಿಳಿದಿಲ್ಲ.